ಒಂದಾದ ನಾಡು, ಎಲ್ಲರ ಹೆಸರು

ಮಕ್ಕಳೇ, ಕಥೆಗಳಲ್ಲಿ ಜಗಳವಾಡುವ ರಾಜ್ಯಗಳು ಒಂದಾಗುವುದು ಬಹಳ ಸುಲಭ. ರಾಜರಿಬ್ಬರು ಒಪ್ಪಂದದ ಓಲೆಗೆ ಮುದ್ರೆ ಒತ್ತಿದರೆ ಮುಗಿಯಿತು. ನಮ್ಮ ನಾಡು ಒಂದಾದದ್ದು ಅಷ್ಟು ಸಲೀಸಾಗಿ ಅಲ್ಲ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಜೋಗದ ವಿದ್ಯುತ್ತು ಎಲ್ಲ ಇದ್ದ ಹಳೆಯ ಮೈಸೂರಿನಲ್ಲಿ, 'ಬೇರೆಯವರು ಸೇರಿದರೆ ನಮಗೆ ಹೊರೆಯಾದೀತು' ಎಂದು ಅಂಜಿದವರಿದ್ದರು. ಕೊನೆಗೆ 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದು, ಮದರಾಸು ರಾಜ್ಯಗಳ ಕನ್ನಡ ಪ್ರದೇಶಗಳೂ ಕೊಡಗೂ ಮೈಸೂರಿನೊಡನೆ ಸೇರಿದವು. ಆದರೆ ಹೆಸರು ಮಾತ್ರ 'ಮೈಸೂರು' ಎಂದೇ ಉಳಿಯಿತು. ಅದು 'ಕರ್ನಾಟಕ' ಆಗಲು ಮತ್ತೆ 17 ವರ್ಷ ಬೇಕಾಯಿತು.

1973ರ ಆ ನವೆಂಬರಿನಲ್ಲಿ ನಾನು ಭದ್ರಾವತಿಯಲ್ಲಿ ಬ್ಯಾಂಕಿನ ಗುಮಾಸ್ತ. ಹಳೆಯ ಫಾರಂಗಳಲ್ಲಿ 'ಮೈಸೂರು ರಾಜ್ಯ' ಎಂದಿದ್ದುದನ್ನು ಹೊಡೆದು 'ಕರ್ನಾಟಕ' ಎಂದು ಬರೆಯುತ್ತಿದ್ದೆ. ಪಕ್ಕದ ಕುರ್ಚಿಯಲ್ಲಿದ್ದ ಧಾರವಾಡದ ಕಡೆಯವರು ನಕ್ಕು, "ಇಷ್ಟು ದಿನ ನಿಮ್ಮನಿಗೆ ಬಂದಂಗಿತ್ರೀ. ಈಗ ಇದು ನಮ್ಮನೀನೂ ಆತು" ಎಂದರು. ಒಂದು ಹೆಸರಿಗೆ ಅಷ್ಟು ಬೆಲೆಯಿದೆಯೆಂದು ನನಗೆ ತಿಳಿದದ್ದು ಆಗಲೇ.

ಶಿವಮೊಗ್ಗದಲ್ಲಿ ಹರಿಯುವವಳು ತುಂಗೆ, ಭದ್ರಾವತಿಯಲ್ಲಿ ಭದ್ರೆ. ಕೂಡಲಿಯಲ್ಲಿ ಇಬ್ಬರೂ ಸೇರಿ ತುಂಗಭದ್ರೆಯಾಗುತ್ತಾರೆ. ನೀರು ಒಂದೇ, ಹೆಸರು ಮಾತ್ರ ಇಬ್ಬರದೂ. ರಜೆಯಲ್ಲಿ ಅಜ್ಜ ಅಜ್ಜಿಯ ಜೊತೆ ಹೋಗಿ ನೋಡಿ ಬನ್ನಿ.