ದುಡಿದ ಮೈಗೆ ವ್ಯಾಯಾಮ ಬೇಕೆ?

ತಿಪಟೂರು ಸೀಮೆಯಲ್ಲಿ ಹೆಂಗಸರು ವ್ಯಾಯಾಮಕ್ಕೆಂದು ಹೊರಟರೆ ಮೊದಲು ಕೇಳಿಬರುವ ಮಾತು, ‘ಯಾಕೆ, ಮನೇಲಿ ಕೆಲಸ ಇಲ್ವಾ?’ ಎಂಬುದು. ಕೇಳುವವರನ್ನು ದೂರುವಂತಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ತೆಂಗಿನ ನಾಡಿನಲ್ಲಿ ಮೈ ಇರುವುದೇ ದುಡಿಮೆಗೆ. ಕಾಯಿ ಕೆಡವಿದ ದಿನ ಆಯ್ದು ರಾಶಿ ಹಾಕಬೇಕು, ಗರಿ ಎಳೆದು ತರಬೇಕು, ಕಾಯನ್ನು ಅಟ್ಟಕ್ಕೆ ಏರಿಸಬೇಕು. ಎಂಟು ಹತ್ತು ತಿಂಗಳು, ಒಮ್ಮೊಮ್ಮೆ ವರ್ಷವೇ ಕಳೆದು, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಅಲುಗಾಡತೊಡಗಿದ ಮೇಲೆ ಇಳಿಸಬೇಕು, ಸುಲಿಯಬೇಕು, ಚಿಪ್ಪು ಒಡೆಯಬೇಕು. ಮಾರುಕಟ್ಟೆಗೆ ಹೋಗುವ ಪ್ರತಿಯೊಂದು ಉಂಡೆ ಕೊಬ್ಬರಿಯ ಹಿಂದೆ ಹೀಗೆ ಹಲವು ಕೈಗಳಿವೆ. ಇಷ್ಟೆಲ್ಲ ಬಗ್ಗಿ ಎದ್ದ ಮೈಗೆ ಮತ್ತೆ ಬೇರೆ ವ್ಯಾಯಾಮವೇ?

ಇಂಥ ಊರಿನಲ್ಲಿ ನಾವು ಒಂದೇ ಬೀದಿಯ ನಾಲ್ವರು ಹೆಂಗಸರು ಸಾಮೂಹಿಕ ವ್ಯಾಯಾಮದ ತರಗತಿಗೆ ಸೇರಿದೆವು. ನಾಲ್ವರೂ ನಲವತ್ತು ದಾಟಿದವರು. ನಮ್ಮಲ್ಲಿ ಇಬ್ಬರನ್ನು ಬೀದಿಯ ಮಕ್ಕಳು ‘ಆಪಾ’ ಎನ್ನುತ್ತವೆ, ಇಬ್ಬರನ್ನು ‘ಅಕ್ಕ’ ಎನ್ನುತ್ತವೆ. ಒಬ್ಬರ ತವರು ತುರುವೇಕೆರೆಯ ಕಡೆ, ಇನ್ನೊಬ್ಬರದು ಚಿಕ್ಕನಾಯಕನಹಳ್ಳಿಯ ಕಡೆ. ನಾಲ್ವರನ್ನೂ ಒಟ್ಟು ಸೇರಿಸಿದ್ದು ವೈದ್ಯರ ಚೀಟಿ. ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ರಕ್ತದೊತ್ತಡ, ಒಬ್ಬರಿಗೆ ಮಂಡಿನೋವು. ನಾಲ್ಕನೆಯವರಿಗೆ ಯಾವುದೂ ಇರಲಿಲ್ಲ, ಆದರೆ ಅವರ ತಾಯಿ ಸಕ್ಕರೆ ಕಾಯಿಲೆಯಿಂದಲೇ ಒಂದು ಕಾಲು ಕಳೆದುಕೊಂಡಿದ್ದರು. ಆ ಮನೆಯಲ್ಲಿ ಯಾರೂ ‘ಯಾಕೆ ಹೋಗ್ತೀಯ’ ಎಂದು ಕೇಳಲಿಲ್ಲ.

ಕಾಯಿಲೆ ನಮ್ಮ ಬೀದಿಯದಷ್ಟೇ ಅಲ್ಲ. ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. 2024ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದ ಪ್ರಕಾರ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ. ಗಂಡಸರಲ್ಲಿ ಈ ಪ್ರಮಾಣ ಶೇಕಡಾ 42, ಹೆಂಗಸರಲ್ಲಿ ಶೇಕಡಾ 57. ಬೆಳಗಿನಿಂದ ರಾತ್ರಿಯವರೆಗೆ ಕೂರದ ಹೆಂಗಸೇ ಚಟುವಟಿಕೆ ಸಾಲದವಳು! ಕೇಳಲು ವಿಚಿತ್ರ. ಆದರೆ ನಮ್ಮ ಮನೆಗಳನ್ನೇ ನೋಡಿ. ನೀರು ನಲ್ಲಿಯಲ್ಲಿ ಬರುತ್ತದೆ, ರುಬ್ಬುವ ಕಲ್ಲು ಹಿತ್ತಲಿಗೆ ಬಿದ್ದಿದೆ, ಸಂತೆಗೆ ಮಗನ ಸ್ಕೂಟರ್ ಇದೆ, ತೋಟದ ಕಾಯಿ ಗುತ್ತಿಗೆಗೆ ಹೋಗಿದೆ. ಕೆಲಸ ಮುಗಿಯುವುದಿಲ್ಲ, ನಿಜ. ಆದರೆ ಅದು ಒಲೆಯ ಮುಂದೆ ನಿಂತೇ ಸವೆಯುವ ಕೆಲಸ. ಎದೆಬಡಿತ ಏರುವುದು ಅಪರೂಪ.

ತರಗತಿ ಬೆಳಿಗ್ಗೆ ಆರಕ್ಕೆ, ಸಮುದಾಯ ಭವನವೊಂದರಲ್ಲಿ, ಹೆಂಗಸರಿಗೆ ಮಾತ್ರ. ಹಾಗಾಗಿ ಉಡುಪಿನ ಪ್ರಶ್ನೆ ಬಾಗಿಲಲ್ಲೇ ಮುಗಿಯಿತು. ಬುರ್ಖಾಗಳು ಕಿಟಕಿಯ ಸರಳಿಗೆ ಏರಿದವು, ಸೀರೆಯ ಮೇಲೆ ಹೊದ್ದು ಬಂದ ಶಾಲುಗಳು ಅವುಗಳ ಪಕ್ಕಕ್ಕೆ. ಎಲ್ಲರೂ ಚೂಡಿದಾರದಲ್ಲಿ. ಕಾಲಿಗೆ ಮಾತ್ರ ಒಬ್ಬೊಬ್ಬರದು ಒಂದೊಂದು ತರ: ಮಗಳು ಶಾಲೆಗೆ ಹಾಕುತ್ತಿದ್ದ ಬಿಳಿ ಕ್ಯಾನ್ವಾಸ್, ಗಂಡನ ವಾಕಿಂಗ್ ಶೂ, ಒಬ್ಬರದು ಬರಿಗಾಲು. ಹಾಲಿನಲ್ಲಿ ಇಪ್ಪತ್ತೈದು ಜನ ಇದ್ದರು. ಮುಂದಿನ ಸಾಲು ಕಾಲೇಜು ಹುಡುಗಿಯರದು. ನಾವು ಗೋಡೆಗೆ ಬೆನ್ನು ತಾಗುವಷ್ಟು ಹಿಂದೆ ನಿಂತೆವು.

ಕಲಿಸುವ ಹುಡುಗಿಗೆ ನಮ್ಮ ಮಕ್ಕಳ ವಯಸ್ಸು. ಸಣ್ಣ ಸ್ಪೀಕರಿನಲ್ಲಿ ಹಾಡು ಹಚ್ಚಿ ಎಂಟರವರೆಗೆ ಎಣಿಸುತ್ತಾಳೆ. ಎಂಟು ಮುಗಿಯುವಷ್ಟರಲ್ಲಿ ಕೈಕಾಲು ಇನ್ನೊಂದು ಬಗೆಗೆ ತಿರುಗಬೇಕು. ಅವಳು ನಮ್ಮೆಡೆಗೆ ಮುಖ ಮಾಡಿ ಬಲಗೈ ಎತ್ತಿದರೆ ನಮ್ಮದು ಎಡಗೈ ಏಳುತ್ತಿತ್ತು. ಕಾಲು ಸರಿಯಾದರೆ ಕೈ ಮರೆಯುತ್ತಿತ್ತು. ಮುಂದಿನ ಸಾಲು ಬಲಕ್ಕೆ ಸರಿದಾಗ ನಾವು ಎಡಕ್ಕೆ ಸರಿದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದೆವು. ಹತ್ತು ನಿಮಿಷಕ್ಕೆ ಉಸಿರು ಗಂಟಲಿಗೆ ಬಂದಿತ್ತು. ‘ಉಸಿರು ಹಿಡ್ಕೋಬೇಡಿ ಆಂಟಿ, ಬಿಡಿ’ ಎಂದು ಅವಳು ಕೂಗಿದಾಗಲೇ ಹಿಡಿದಿದ್ದೆವೆಂದು ತಿಳಿದದ್ದು. ಒಬ್ಬರು ಗೋಡೆ ಹಿಡಿದು ಕುಳಿತರು. ಅವಳು ಬಂದು ಒಂದು ಸುಲಭದ ಅಳತೆ ಹೇಳಿಕೊಟ್ಟಳು: ವ್ಯಾಯಾಮ ಮಾಡುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಮಾತೂ ಹೊರಡದಿದ್ದರೆ ನಿಧಾನ ಮಾಡಬೇಕು. ನಾಲ್ವರಲ್ಲಿ ಒಬ್ಬರಿಗೂ ಆಗ ಮಾತು ಹೊರಡುತ್ತಿರಲಿಲ್ಲ. ನಮ್ಮ ಬೀದಿಗೆ ಅದೊಂದು ದಾಖಲೆಯೇ.

ಆಮೇಲೆ ಕುಕ್ಕರುಗಾಲಿನಲ್ಲಿ ಕೂತು ಏಳುವ ಸರದಿ ಬಂತು. ಅಲ್ಲಿ ಆಟ ತಿರುಗಿತು. ಹುಡುಗಿಯರು ಅರ್ಧಕ್ಕೇ ನಿಂತರು, ಹಿಮ್ಮಡಿ ನೆಲ ಬಿಟ್ಟಿತು. ಈಳಿಗೆ ಮಣೆಯ ಮುಂದೆ, ಬಟ್ಟೆ ಒಗೆಯುವ ಕಲ್ಲಿನ ಮುಂದೆ ಆಯುಷ್ಯ ಕಳೆದ ನಮ್ಮಲ್ಲಿ, ಮಂಡಿನೋವಿನ ಒಬ್ಬರನ್ನು ಬಿಟ್ಟು, ಉಳಿದ ಮೂವರು ಸಲೀಸಾಗಿ ಕೂತೆವು. ಆದರೆ ಎರಡು ಕೈಯನ್ನೂ ಕಿವಿಗೆ ತಾಗುವಂತೆ ನೇರ ಮೇಲೆತ್ತಿ ಎಂದಾಗ ಒಬ್ಬರ ಕೈಯೂ ಪೂರ್ತಿ ಏಳಲಿಲ್ಲ. ದುಡಿಮೆಗೂ ವ್ಯಾಯಾಮಕ್ಕೂ ಇರುವ ಅಂತರ ನಮಗೆ ಅರ್ಥವಾದದ್ದು ಅಲ್ಲಿ. ದುಡಿಮೆ ತನಗೆ ಬೇಕಾದ ಭಾಗವನ್ನಷ್ಟೇ ದುಡಿಸಿಕೊಳ್ಳುತ್ತದೆ, ಉಳಿದುದನ್ನು ತುಕ್ಕು ಹಿಡಿಯಲು ಬಿಡುತ್ತದೆ. ಯಾವ ಭಾಗಕ್ಕೆ ಏನು ಬೇಕು ಎಂದು ಮೈಯನ್ನೇ ವಿಚಾರಿಸುವುದು ವ್ಯಾಯಾಮ. ಈವರೆಗೆ ನಮ್ಮ ಮೈಯನ್ನು ಯಾರೂ ವಿಚಾರಿಸಿರಲಿಲ್ಲ, ನಾವೂ ಸೇರಿದಂತೆ.

ಮಾರನೆಯ ದಿನ ಮೆಟ್ಟಿಲು ಹತ್ತಬಹುದಿತ್ತು, ಇಳಿಯಲಾಗುತ್ತಿರಲಿಲ್ಲ. ಮೂರನೆಯ ದಿನ ಇನ್ನೂ ಹೆಚ್ಚು. ಮನೆಗಳಲ್ಲಿ ನಗೆ ಎದ್ದಿತು. ಒಬ್ಬ ಅತ್ತೆಯವರು ‘ದುಡ್ಡು ಕೊಟ್ಟು ನೋವು ತಂದ್ಲು’ ಎಂದರು. ಇದಕ್ಕೆ ಕಾರಣವಿದೆ. ಅಭ್ಯಾಸವಿಲ್ಲದ ಸ್ನಾಯು ಭಾರ ಹೊತ್ತೇ ಹಿಗ್ಗಬೇಕಾದಾಗ ಅದರ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಘಾಸಿಯಾಗುತ್ತದೆ. ಮೆಟ್ಟಿಲು ಇಳಿಯುವಾಗ ತೊಡೆಗೆ ಬೀಳುವುದೂ ಅಂಥದೇ ಕೆಲಸ. ಈ ನೋವು ಒಂದರಿಂದ ಮೂರು ದಿನದೊಳಗೆ ಏರಿ, ತಾನಾಗಿ ಇಳಿಯುತ್ತದೆ. ಅದೇ ಕಸರತ್ತು ಮತ್ತೆ ಮಾಡಿದರೆ ಮುಂದಿನ ಸಲ ನೋವು ಕಡಿಮೆ. ಮೊದಲ ವಾರಗಳಲ್ಲಿ ಬಲ ಬಂದಂತೆ ಅನಿಸುವುದೂ ಸ್ನಾಯು ಬೆಳೆದದ್ದರಿಂದಲ್ಲ, ಇರುವ ಸ್ನಾಯುವನ್ನು ಕರೆದು ಕೆಲಸಕ್ಕೆ ಹಚ್ಚಲು ನರಗಳು ಕಲಿತದ್ದರಿಂದ. ಆದರೆ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅದು ಬೇರೆಯೇ ಮಾತು. ಅಲ್ಲಿಗೆ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು.

ಜನ ಒಟ್ಟಾಗಿ ಕೈಕಾಲು ಆಡಿಸುವುದು ಇಂದು ಹಲವು ಹೆಸರಿನಲ್ಲಿ ನಡೆಯುತ್ತಿದೆ. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪುಸ್ತಕ ಬರೆದು ‘ಏರೋಬಿಕ್ಸ್’ ಎಂಬ ಪದವನ್ನು ಮನೆಮನೆಗೆ ಮುಟ್ಟಿಸಿದರು. ಕೊಲಂಬಿಯಾದ ಬೆಟೊ ಪೆರೆಸ್ 1990ರ ದಶಕದಲ್ಲಿ ಅದಕ್ಕೆ ಕುಣಿತ ಬೆರೆಸಿದ್ದು ‘ಜುಂಬಾ’ ಆಯಿತು. 2015ರಿಂದ ಜೂನ್ 21 ಯೋಗ ದಿನ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ನಿವೃತ್ತ ಯೋಧರೊಬ್ಬರು 2012ರಲ್ಲಿ ಶುರುಮಾಡಿದ ‘ಮೆಕ್ ಸೆವೆನ್’ ಕೂಟಗಳಲ್ಲಿ ಮಲಬಾರಿನ ಹೆಂಗಸರೂ ಬೆಳಗಾಗೆದ್ದು ಸಾಲಾಗಿ ನಿಲ್ಲುತ್ತಾರೆ. 2024ರ ಕೊನೆಯಲ್ಲಿ ಆ ಕೂಟಗಳ ಬಗ್ಗೆ ರಾಜಕೀಯ ಸಂಶಯ ಎದ್ದಿತು. 2025ರಲ್ಲಿ ಕೇರಳದ ಶಾಲೆಗಳಿಗೆ ಜುಂಬಾ ಬಂದಾಗ ಕೆಲವು ಮುಸ್ಲಿಂ ಸಂಘಟನೆಗಳು ಆಕ್ಷೇಪಿಸಿದವು. ಒಂದೆಡೆ ಯಾರು ಸೇರುತ್ತಾರೆ ಎಂಬ ಚಿಂತೆ, ಇನ್ನೊಂದೆಡೆ ಹೇಗೆ ಕುಣಿಯುತ್ತಾರೆ ಎಂಬ ಚಿಂತೆ. ಮಂಡಿನೋವಿನ ಹೆಂಗಸನ್ನು ಮಾತ್ರ ಯಾರೂ ಏನೂ ಕೇಳಿದಂತಿಲ್ಲ.

ಎರಡನೆಯ ತರಗತಿಗೆ ನಾವು ಮತ್ತೆ ಹೋದದ್ದು ಆರೋಗ್ಯದ ಹಂಬಲದಿಂದ ಎಂದರೆ ಪೂರ್ತಿ ನಿಜವಲ್ಲ. ಐದೂ ಮುಕ್ಕಾಲಿಗೆ ಬಾಗಿಲಲ್ಲಿ ‘ಆಪಾ, ಎದ್ರಾ?’ ಎಂಬ ದನಿ ಕೇಳಿದ ಮೇಲೆ ಮಲಗಿರುವುದು ಹೇಗೆ? ಒಬ್ಬರೇ ಎಡವಿದರೆ ಅದು ಅವಮಾನ, ನಾಲ್ವರು ಕೂಡಿ ಎಡವಿದರೆ ತಮಾಷೆ. ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಲೆಕ್ಕವನ್ನು ನಮಗೆ ಮುಟ್ಟಿಸಿದ್ದು ಈ ದನಿ.

ಆದರೆ ಮೊದಲ ದಿನ ನಮ್ಮೊಡನೆ ಐದನೆಯವರೊಬ್ಬರು ಇದ್ದರು. ಹಿಂದಿನ ಗಲ್ಲಿಯವರು. ಕಾಯಿ ಪುಡಿ ಮಾಡುವ ಕಾರ್ಖಾನೆಯಲ್ಲಿ ಕಾಯಿಯ ಕಂದು ಸಿಪ್ಪೆ ಹೆರೆಯುವುದು ಅವರ ಕೆಲಸ. ದಿನವಿಡೀ ಒಂದೇ ಕೈ, ಒಂದೇ ಭುಜ, ಒಂದೇ ಬಾಗು. ಆ ಮುಂಜಾನೆ ಎಲ್ಲರಿಗಿಂತ ಕಡಿಮೆ ಎದ್ದ ಕೈ ಅವರದು. ತರಗತಿ ಎಲ್ಲರಿಗಿಂತ ಹೆಚ್ಚು ಬೇಕಾದವರೂ ಅವರೇ. ಅವರು ಮತ್ತೆ ಬರಲಿಲ್ಲ. ಕೇಳಲು ಹೋದಾಗ ಬುತ್ತಿ ಕಟ್ಟುತ್ತಿದ್ದರು. ‘ಬರ್ಬಾರ್ದು ಅಂತೇನಿಲ್ಲ ಕಣಕ್ಕ. ಆರಕ್ಕೆ ಬಂದ್ರೆ ಅಡಿಗೆ ಯಾರು ಮಾಡ್ತಾರೆ? ಸಂಜೆ ಬರಾನ ಅಂದ್ರೆ ಮೈ ನಿಲ್ಲಲ್ಲ. ನಂಗೆ ಬೇಕಾಗಿರೋದು ಕಾಲು ಚಾಚಿ ಒಂದು ಗಳಿಗೆ ಮಲಗೋದು’ ಎಂದರು.

ನಾವು ನಾಲ್ವರೂ ಮಾತಾಡದೆ ವಾಪಸಾದೆವು. ನಮ್ಮ ಹಟವೊಂದೇ ನಮ್ಮನ್ನು ಆ ಹಾಲಿನಲ್ಲಿ ಉಳಿಸಿದ್ದಲ್ಲ. ಒಂದು ಗಂಟೆ ತಡವಾದರೂ ನಮ್ಮ ಮನೆಗಳಲ್ಲಿ ಒಲೆ ಉರಿಯುತ್ತದೆ, ಕೂಲಿ ಕಡಿತವಾಗುವುದಿಲ್ಲ. ಈಗ ಭಾನುವಾರ ಮಧ್ಯಾಹ್ನ ಅವರ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ನಾವು ಕಲಿತಷ್ಟರಲ್ಲಿ ಭುಜ ತಿರುಗಿಸುವ ನಾಲ್ಕು ಬಗೆಯನ್ನು ಅವರೊಡನೆ ಮಾಡುತ್ತೇವೆ. ಹಾಡಿಲ್ಲ, ಎಣಿಕೆಯೂ ಇಲ್ಲ. ಕೈ ಕಿವಿಯವರೆಗೆ ಇನ್ನೂ ಬಂದಿಲ್ಲ. ಮೊನ್ನೆ ಅವರ ಜೊತೆ ಕೆಲಸಕ್ಕೆ ಹೋಗುವ ಇನ್ನಿಬ್ಬರು ಬಂದು ಕಟ್ಟೆಯ ಅಂಚಿನಲ್ಲಿ ಕೂತರು.