ನಿಂಬೆಹಣ್ಣಿನ ತ್ರಿಪಾದಿ

ಕಳೆದ ಚೈತ್ರದಲ್ಲಿ ಇಟಲಿಯಿಂದ ಮರಳಿದ ನಮ್ಮ ಸೊಸೆಯು ಲೋಹದ ವಸ್ತುವೊಂದನ್ನು ತಂದು ನಮ್ಮ ಮುಂದಿರಿಸಿದಳು. ನೀಳವಾದ ಮೂರು ಕಾಲು, ಮೇಲೆ ಗೆರೆಗಳುಳ್ಳ ಮೊಗ್ಗಿನಂತಹ ತಲೆ. ಎತ್ತರ ಸುಮಾರು 29 ಸೆಂಟಿಮೀಟರು. ಯಾವುದೋ ದೇವತೆಯ ಆಯುಧವಿರಬೇಕೆಂದು ಭಾವಿಸಿದೆನು. ನಿಂಬೆಹಣ್ಣು ಹಿಂಡುವ ಉಪಕರಣವಂತೆ! ಫ್ರಾನ್ಸಿನ ಫಿಲಿಪ್ ಸ್ಟಾರ್ಕ್ ಎಂಬವರು ರೂಪಿಸಿದ ಇದನ್ನು ಇಟಲಿಯ ಅಲೆಸ್ಸಿ ಸಂಸ್ಥೆಯವರು 1990ರಲ್ಲಿ ಅಲ್ಯುಮಿನಿಯಮಿನಲ್ಲಿ ಎರಕಹೊಯ್ದು ಹೊರತಂದರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿಯೂ ಇದಕ್ಕೆ ಸ್ಥಾನವುಂಟು. ಚಿನ್ನದ ಲೇಪವುಳ್ಳದ್ದನ್ನೂ ಮಾಡಿದ್ದರು. ಹುಳಿ ತಗುಲಿದರೆ ಲೇಪವು ಕೆಡುವುದರಿಂದ ಅದರಲ್ಲಿ ಹಣ್ಣನ್ನೇ ಹಿಂಡಬಾರದು!

“ಬೀಜವೂ ಲೋಟಕ್ಕೇ ಬೀಳುವುದಲ್ಲವೇ?” ಎಂದು ನಕ್ಕುಬಿಟ್ಟೆನು. ಮೇಷ್ಟರು ನಿವೃತ್ತರಾದರೂ ನಾಲಗೆಗೆ ನಿವೃತ್ತಿಯಿಲ್ಲ.

“ಅತ್ತೆಯವರ ಕೈಗೆ ಅನುಕೂಲವಾದೀತೆಂದು ತಂದೆ, ಮಾವ,” ಎಂದಳು ಹುಡುಗಿ. ಮುಖ ಬಾಡಿತ್ತು.

ಕೀಲುವಾಯುವಿನಿಂದ ಬೆರಳು ಮಡಿಸಲಾರದ ನನ್ನ ಮನೆಯಾಕೆಯು ಮಾತಾಡದೆ ಅರ್ಧಹೋಳನ್ನು ಆ ತಲೆಯ ಮೇಲಿಟ್ಟು, ಅಂಗೈಯಿಂದ ಒತ್ತಿ ತಿರುವಿದಳು. ರಸವು ಗೆರೆಗಳಗುಂಟ ಇಳಿದು ತುದಿಯಿಂದ ತೊಟ್ಟಿಕ್ಕಿತು. ಎರಡು ವರ್ಷಗಳ ತರುವಾಯ, ಆ ರಾಮನವಮಿಯಂದು ಪಾನಕವನ್ನು ಅವಳೇ ಮಾಡಿದಳು. ಬೀಜಗಳನ್ನು ನಾನು ಸೋಸಿದೆನು.