ನಿಂತ ಉರುಳೆ, ತಿರುಗುವ ಉರುಳೆ

ಓಕಳಿಪುರಕ್ಕೂ ಸಮುದ್ರಕ್ಕೂ ಯಾವ ನಂಟೂ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರು. ಅದರ ನಡುವೆ ರೈಲು ಕಂಬಿಗಳಿಗೆ ಒತ್ತಿಕೊಂಡು ಬೆಳೆದ ಬಡಾವಣೆ ಓಕಳಿಪುರ. ಅಲ್ಲಿ ಹಗಲಿರುಳೂ ಕೇಳಿಬರುವುದು ಅಲೆಗಳ ಮೊರೆತವಲ್ಲ, ಗಾಡಿಗಳ ಗಡಗಡ ಸದ್ದು. ಹೀಗಿದ್ದೂ ಅಲ್ಲಿಯ ಒಂದು ಮನೆಯಲ್ಲಿ, ಸಮುದ್ರದ ಮೀನು ಹಿಡಿಯುವುದಕ್ಕೆ ಯಾವ ಬಗೆಯ ರೀಲು ಉತ್ತಮವೆಂಬ ಪ್ರಶ್ನೆಯ ಮೇಲೆ ಇಬ್ಬರು ವೃದ್ಧ ಸಹೋದರರು ಹದಿನೈದು ದಿನ ಮಾತು ಬಿಟ್ಟಿದ್ದರೆಂದರೆ ಯಾರಾದರೂ ನಕ್ಕಾರು. ಇಬ್ಬರಲ್ಲಿ ಒಬ್ಬರೂ ಗಾಳ ಹಿಡಿದವರಲ್ಲ. ಮೀನಿನ ವಿಷಯದಲ್ಲಿ ಅವರ ಅನುಭವವೆಲ್ಲ ಊಟದ ತಟ್ಟೆಯಿಂದ ಈಚಿನದು.

ಅಣ್ಣನವರು ಹತ್ತಿ ಗಿರಣಿಯಲ್ಲಿ ದುಡಿದವರು. ಹದಿನೆಂಟನೆಯ ವಯಸ್ಸಿಗೆ ವೈಂಡಿಂಗ್ ಖಾತೆಗೆ ಸೇರಿ, ನೂಲು ಸುತ್ತುವ ಯಂತ್ರಗಳ ಮುಂದೆ ನಿಂತೇ ಅರ್ಧ ಆಯುಷ್ಯ ಕಳೆದರು. ಅವರ ಕಿವಿ ಈಗ ಮಂದವಾಗಿರುವುದು ಆ ಯಂತ್ರಗಳ ಕಾಣಿಕೆ. ತಮ್ಮನವರು ಎಚ್‌ಎಮ್‌ಟಿ ಗಡಿಯಾರ ಕಾರ್ಖಾನೆಯಿಂದ ನಿವೃತ್ತರಾದವರು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಕಾರ್ಖಾನೆಯಲ್ಲಿ ಕೆಲಸವೆಂದರೆ ಆಗ ಮನೆಮಂದಿಗೆಲ್ಲ ಕಿರೀಟವಿಟ್ಟಂತೆ. ಬಿಳಿಯ ಕೋಟು, ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಚಿಮಟ. ತಮ್ಮನ ಡಿಪ್ಲೊಮಾ ಓದಿಗೆ ಹಣ ಬಂದದ್ದು ಅಣ್ಣನ ವಾರದ ಬಟವಾಡೆಯಿಂದ. ಈ ವಿಷಯವನ್ನು ಅಣ್ಣನವರು ಎಂದೂ ಎತ್ತಿ ಆಡಿದವರಲ್ಲ. ತಮ್ಮನವರು ಎಂದೂ ಬಾಯಿಬಿಟ್ಟು ಒಪ್ಪಿದವರೂ ಅಲ್ಲ.

ಈಗ ಎರಡು ಕೆಲಸಗಳೂ ಉಳಿದಿಲ್ಲ. ಓಕಳಿಪುರದ ಸುತ್ತಲಿನ ಗಿರಣಿಗಳ ಸೈರನ್ ನಿಂತು ಎಷ್ಟೋ ಕಾಲವಾಯಿತು. ಸಂಪಿಗೆ ರಸ್ತೆಯಲ್ಲಿ ರಾಜಾ ಮಿಲ್ ಇದ್ದ ಕಡೆ ಗಾಜಿನ ಮಾಲ್ ಎದ್ದಿದೆ. ಗಡಿಯಾರಗಳ ಕಂಪನಿಯನ್ನು ಮುಚ್ಚುವುದಕ್ಕೆ 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಆ ಸುದ್ದಿ ಬಂದ ದಿನ ತಮ್ಮನವರು ತಮ್ಮ ಕೈಗಡಿಯಾರಕ್ಕೆ ಎರಡು ಸಲ ಕೀಲಿ ಕೊಟ್ಟರೆಂದು ಅವರ ಹೆಂಡತಿ ಹೇಳುತ್ತಾರೆ.

ಇಂತಹ ಮನೆಗೆ ರೀಲಿನ ಪ್ರಶ್ನೆಯನ್ನು ತಂದವನು ತಮ್ಮನವರ ಮಗ. ಬ್ಯಾಂಕಿನ ಕೆಲಸದಲ್ಲಿದ್ದ ಆತನಿಗೆ ಒಂದು ಅಕ್ಟೋಬರಿನಲ್ಲಿ ಉಡುಪಿಗೆ ವರ್ಗವಾಯಿತು. ರಜೆಯ ದಿನಗಳಲ್ಲಿ ಸಹೋದ್ಯೋಗಿಗಳ ಜೊತೆ ಕಾಪುವಿಗೆ ಹೋಗಿ, 1901ರಲ್ಲಿ ಕಟ್ಟಿದ ಅಲ್ಲಿಯ ದೀಪಸ್ತಂಭದ ಕೆಳಗಿನ ಬಂಡೆಗಳ ಮೇಲೆ ನಿಂತು ಗಾಳ ಎಸೆಯುವವರನ್ನು ನೋಡಿ ಬಂದ. ಹುಡುಗನಿಗೆ ಹುಚ್ಚು ಹತ್ತಿತು. ಕೈಯಲ್ಲಿದ್ದ ಹಣಕ್ಕೆ ಒಂದು ಕೋಲು, ಒಂದೇ ಒಂದು ರೀಲು ಬರುತ್ತಿತ್ತು. ಅಂಗಡಿಯಲ್ಲಿದ್ದುದು ಎರಡು ಜಾತಿ. ಒಂದಕ್ಕೆ ಬೇಟ್‌ಕಾಸ್ಟರ್ ಎಂದೂ ಇನ್ನೊಂದಕ್ಕೆ ಸ್ಪಿನ್ನಿಂಗ್ ರೀಲು ಎಂದೂ ಹೆಸರು. ಎರಡರ ಚಿತ್ರವನ್ನೂ ಮೊಬೈಲಿನಲ್ಲಿ ಮನೆಗೆ ಕಳುಹಿಸಿ, “ಅಪ್ಪ, ದೊಡ್ಡಪ್ಪ, ಯಂತ್ರ ಅಂದರೆ ನಿಮಗೇ ಗೊತ್ತು, ನೀವೇ ಹೇಳಿ” ಎಂದ. ಪಾಪ, ಇಬ್ಬರಿಗೂ ಒಟ್ಟಿಗೆ ಗೌರವ ಸಲ್ಲಿಸಬೇಕೆಂಬುದು ಅವನ ಉದ್ದೇಶ.

ತಮ್ಮನವರು ಕನ್ನಡಕ ಏರಿಸಿ ಬೇಟ್‌ಕಾಸ್ಟರಿನ ಚಿತ್ರವನ್ನು ಹಿಗ್ಗಿಸಿ ನೋಡಿದರು. ಕೋಲಿಗೆ ಅಡ್ಡಲಾಗಿ ಕೂರುವ ಪುಟ್ಟ ಉರುಳೆ. ಪಕ್ಕದ ಪೆಟ್ಟಿಗೆಯೊಳಗೆ ಹಲ್ಲಿನ ಚಕ್ರಗಳು. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಉರುಳೆ ಐದಾರು ಸುತ್ತು ತಿರುಗುತ್ತದೆ. “ಇದು ನಮ್ಮ ಕುಲದ್ದು” ಎಂದು ಅವರು ಘೋಷಿಸಿದರು. ಮಾತು ಸುಳ್ಳಲ್ಲ. ಇಂತಹ ರೀಲನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದವನೆಂದು ಹೆಸರಾದವನು ಅಮೆರಿಕದ ಕೆಂಟಕಿಯ ಜಾರ್ಜ್ ಸ್ನೈಡರ್ ಎಂಬ ಗಡಿಯಾರದ ಕುಶಲಕರ್ಮಿ. ಸ್ವೀಡನ್ನಿನ ಅಬು ಎಂಬ ಪ್ರಖ್ಯಾತ ಸಂಸ್ಥೆ 1921ರಲ್ಲಿ ಹುಟ್ಟಿದ್ದೇ ಗಡಿಯಾರದ ಕಾರ್ಖಾನೆಯಾಗಿ. ಟ್ಯಾಕ್ಸಿಯ ಮೀಟರುಗಳನ್ನೂ ಮಾಡಿ, ಆಮೇಲೆ ರೀಲುಗಳಿಗೆ ತಿರುಗಿ, 1952ರಲ್ಲಿ ಅಂಬಾಸಡರ್ ಎಂಬ ರೀಲನ್ನು ಲೋಕಕ್ಕೆ ಕೊಟ್ಟಿತು. ಅಂಬಾಸಡರ್ ಎಂದರೆ ಕಾರು ಮಾತ್ರ ಎಂದು ತಿಳಿದಿದ್ದ ಮನೆಮಂದಿಗೆ ಇದು ಹೊಸ ವಿಷಯ.

ಅಣ್ಣನವರು ಎರಡನೆಯ ಚಿತ್ರವನ್ನು ನೋಡಿ ಬಹಳ ಹೊತ್ತು ಸುಮ್ಮನಿದ್ದರು. ಆ ರೀಲಿನಲ್ಲಿ ಉರುಳೆ ಕೋಲಿನ ಉದ್ದಕ್ಕೆ ಮುಖ ಮಾಡಿ ಕುಳಿತಿದೆ. ಎಸೆಯುವಾಗ ಅದು ತಿರುಗುವುದಿಲ್ಲ; ಅದರ ಅಂಚಿನ ಮೇಲಿಂದ ದಾರ ಸುರುಳಿ ಸುರುಳಿಯಾಗಿ ಜಾರಿಹೋಗುತ್ತದೆ. ಮರಳಿ ಎಳೆದುಕೊಳ್ಳುವಾಗಲೂ ಉರುಳೆ ತಿರುಗದೆ, ಅದರ ಸುತ್ತ ಒಂದು ತಂತಿಯ ಕಮಾನು ತಿರುಗಿ ದಾರವನ್ನು ಸುತ್ತುತ್ತದೆ. “ಇದು ಬಾಬಿನ್ನು ಕಣಯ್ಯ” ಎಂದರು ಅವರು. “ಲಾಳಿಯೊಳಗಿನ ಕಂಡಿಕೆಯಿಂದ ನೂಲು ಬರೋದು ಹೀಗೇ. ಕಂಡಿಕೆ ತಿರುಗಲ್ಲ, ನೂಲು ತುದಿಯಿಂದ ಜಾರುತ್ತೆ. ಹೆಸರು ನೋಡು, ಸ್ಪಿನ್ನಿಂಗ್ ಅಂತಲೇ ಇದೆ.”

ಹೆಸರಿನ ವಿಷಯದಲ್ಲಿ ಅವರದು ತಪ್ಪು. ನೀರಿನಲ್ಲಿ ಗಿರಗಿರನೆ ತಿರುಗುವ ಹುಸಿ ಎರೆಯಿಂದ ಬಂದ ಹೆಸರು ಅದು. ಆದರೆ ವಿಷಯದಲ್ಲಿ ಅವರು ಹೇಳಿದ್ದು ಅಕ್ಷರಶಃ ನಿಜ. ಈ ರೀಲಿಗೆ 1905ರಲ್ಲಿ ಪೇಟೆಂಟ್ ಪಡೆದ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಎಂಬಾತ ಇಂಗ್ಲೆಂಡಿನ ಬ್ರಾಡ್‌ಫರ್ಡಿನ ನೂಲಿನ ಗಿರಣಿಗಳ ಮನೆತನದವನು. ಗಿರಣಿಯಲ್ಲಿ ಬಾಬಿನ್ನಿನ ತುದಿಯಿಂದ ಎಳೆ ಜಾರುವುದನ್ನು ಕಂಡೇ ಆತನಿಗೆ ಈ ಉಪಾಯ ಹೊಳೆಯಿತೆಂದು ಪ್ರಸಿದ್ಧಿ. ನೂರು ವರ್ಷದ ಮೇಲೆ, ಸಾವಿರಾರು ಮೈಲಿಗಳಾಚೆ, ಓಕಳಿಪುರದ ಗಿರಣಿ ಕಾರ್ಮಿಕರೊಬ್ಬರು ಚಿತ್ರವೊಂದರಿಂದಲೇ ಅದರ ಹುಟ್ಟೂರನ್ನು ಗುರುತಿಸಿದ್ದರು.

ಅಲ್ಲಿಗೆ ನಿಲ್ಲಬೇಕಾಗಿದ್ದ ಮಾತು ನಿಲ್ಲಲಿಲ್ಲ. ತಮ್ಮನವರು ನಗುತ್ತ, “ಬಾಬಿನ್ ಸುತ್ತೋದು ಯಾರಿಗೆ ಬರಲ್ಲ ಅಣ್ಣ? ಅದಕ್ಕೇನು ವಿದ್ಯೆ ಬೇಕೆ? ಇದು ಸೂಕ್ಷ್ಮ ಯಂತ್ರ” ಎಂದುಬಿಟ್ಟರು. ಅಣ್ಣನವರ ಮುಖ ಬಿಳುಪಾಯಿತು. ಕಿವಿ ಮಂದವಾದರೂ ಕೆಲವು ಮಾತು ಕೇಳಿಸಿಯೇ ಕೇಳಿಸುತ್ತವೆ. ಆತ ಎದ್ದು ಮಹಡಿಯ ತಮ್ಮ ಕೋಣೆಗೆ ಹೋದರು. ಮರುದಿನದಿಂದ ಇಬ್ಬರಿಗೂ ಕಾಫಿ ಬೇರೆ ಬೇರೆ ಹೊತ್ತಿಗೆ ಹೋಗಬೇಕಾಯಿತು. ತಮ್ಮನವರು ತಮ್ಮ ಕೈಯಿಂದಲೇ ಹಣ ಸೇರಿಸಿ ಮಗನಿಗೆ ಬೇಟ್‌ಕಾಸ್ಟರನ್ನೇ ಕೊಡಿಸಿದರು.

ಹುಡುಗ ಅದನ್ನು ಹಿಡಿದು ಒಂದು ಸಂಜೆ ಕಾಪುವಿನ ಬಂಡೆಯ ಮೇಲೆ ನಿಂತ. ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಕಡಲಿನಿಂದ ನೆಲದ ಕಡೆಗೆ ಬೀಸುತ್ತದೆ. ಅಂದರೆ ಗಾಳ ಎಸೆಯುವವನ ಮುಖಕ್ಕೇ. ಆತ ಬಲವಾಗಿ ಬೀಸಿದ. ಸೀಸದ ಗುಂಡು ಹಾರುತ್ತ ದಾರವನ್ನು ಎಳೆಯಿತು, ದಾರ ಉರುಳೆಯನ್ನು ತಿರುಗಿಸಿತು. ಅರ್ಧ ದಾರಿಯಲ್ಲಿ ಗಾಳಿ ತಡೆದು ಗುಂಡಿನ ವೇಗ ಕುಗ್ಗಿತು. ಆದರೆ ಒಮ್ಮೆ ವೇಗ ಹಿಡಿದ ಉರುಳೆ ಅದನ್ನು ಬಲ್ಲದೆ? ಅದು ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ಹೊರಗೆ ಹೋಗಲಾರದ ದಾರವೆಲ್ಲ ಉರುಳೆಯ ಮೇಲೇ ಉಬ್ಬಿ, ಕಾಗೆಯ ಗೂಡಿನಂತೆ ಸಿಕ್ಕಾಯಿತು. ಬಿಡಿಸುವುದಕ್ಕೆ ಅರ್ಧ ಗಂಟೆ. ಎರಡನೆಯ ಎಸೆತಕ್ಕೂ ಅದೇ ಗತಿ.

ಪಕ್ಕದ ಬಂಡೆಯಲ್ಲಿ ಒಬ್ಬ ಮುದುಕ ಬರಿಗೈಯಲ್ಲಿ ಮೀನು ಹಿಡಿಯುತ್ತಿದ್ದ. ಆತನ ಬಳಿ ಕೋಲೂ ಇಲ್ಲ, ರೀಲೂ ಇಲ್ಲ. ಒಂದು ಹಳೆಯ ಬಾಟಲಿಗೆ ತಂಗೂಸಿ ದಾರ ಸುತ್ತಿತ್ತು. ಎಡಗೈಯಲ್ಲಿ ಬಾಟಲಿಯ ಬಾಯನ್ನು ಕಡಲಿಗೆ ತೋರಿಸಿ, ಬಲಗೈಯಿಂದ ಗುಂಡನ್ನು ತಿರುವಿ ಎಸೆದರೆ ದಾರ ಸರ್ರನೆ ಜಾರಿಹೋಗುತ್ತಿತ್ತು. ಕತ್ತಲಾಗುವುದರೊಳಗೆ ಎರಡು ಕೊಕ್ಕರ್ ಮೀನು ಅವನ ಚೀಲ ಸೇರಿದವು. ಹೊರಡುವಾಗ ಹುಡುಗನ ರೀಲನ್ನು ಕನಿಕರದಿಂದ ನೋಡಿ, “ಗಾಳಿ ಎದುರಿದೆ ಮಾರಾಯ್ರೇ, ನಿಮ್ಮ ಚಕ್ರಕ್ಕೆ ಅದು ಗೊತ್ತಾಗುವುದಿಲ್ಲ” ಎಂದ.

ಸುದ್ದಿ ಓಕಳಿಪುರಕ್ಕೆ ಮುಟ್ಟಿತು. ತಮ್ಮನವರು, “ಅವನು ಹೆಬ್ಬೆರಳು ಸರಿಯಾಗಿ ಇಟ್ಟಿಲ್ಲ” ಎಂದರು. ಅದೂ ನಿಜವೇ. ತಿರುಗುವ ಉರುಳೆಯನ್ನು ಆಳುವುದು ಹೆಬ್ಬೆರಳು. ಗುಂಡು ನೀರು ಮುಟ್ಟುವ ಕ್ಷಣಕ್ಕೆ ಅದು ಉರುಳೆಯನ್ನು ಒತ್ತಿ ಹಿಡಿಯಬೇಕು. ಅಯಸ್ಕಾಂತದ ತಡೆಗಳಿದ್ದರೂ ಬೆರಳಿನ ಕೆಲಸ ಪೂರ್ತಿ ತಪ್ಪುವುದಿಲ್ಲ. ಪಳಗಿದ ಕೈಗೆ ಅದರಷ್ಟು ಕರಾರುವಾಕ್ಕಾದ ರೀಲು ಮತ್ತೊಂದಿಲ್ಲ. ಆದರೆ ಕೈ ಪಳಗುವುದು ದಿನಗಳ ಮಾತಲ್ಲ, ತಿಂಗಳುಗಳ ಮಾತು.

ಅಲ್ಲೇ ಹೊಲಿಗೆಯ ಯಂತ್ರದ ಮುಂದೆ ಕುಳಿತಿದ್ದ ತಮ್ಮನವರ ಹೆಂಡತಿ ಇಷ್ಟು ದಿನ ಈ ವ್ಯಾಜ್ಯದಲ್ಲಿ ಬಾಯಿ ಹಾಕಿರಲಿಲ್ಲ. ಆಕೆ ಯಂತ್ರದ ಕಡ್ಡಿಯ ಮೇಲಿನ ದಾರದ ಉರುಳೆಯನ್ನು ಸರ್ರನೆ ಎಳೆದು ತಟ್ಟನೆ ನಿಲ್ಲಿಸಿದರು. ಕೈ ನಿಂತರೂ ಉರುಳೆ ಎರಡು ಸುತ್ತು ತಿರುಗಿ ದಾರ ಸಡಿಲವಾಗಿ ಸುರುಳಿಯಾಯಿತು. ಆಮೇಲೆ ನೆಲದ ಮೇಲೆ ನಿಲ್ಲಿಸಿದ್ದ ದೊಡ್ಡ ದಾರದ ಕೋನಿನಿಂದ ಹಾಗೆಯೇ ಎಳೆದು ನಿಲ್ಲಿಸಿದರು. ಕೈ ನಿಂತಲ್ಲಿ ದಾರವೂ ನಿಂತಿತು. “ಕೋನು ತಿರುಗೋದೇ ಇಲ್ಲವಲ್ಲ, ಇನ್ನು ಮುಂದಕ್ಕೆ ಓಡೋದೆಲ್ಲಿ ಬಂತು? ಭಾವನೋರು ಹೇಳಿದ್ದು ಇಷ್ಟೇ ತಾನೆ?” ಎಂದರು.

ತಮ್ಮನವರು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಣ್ಣನ ಕಾಫಿಯ ಲೋಟವನ್ನು ತಾವೇ ತೆಗೆದುಕೊಂಡು ಮಹಡಿ ಹತ್ತಿದರು. ಅಲ್ಲಿ ಏನು ಮಾತಾಯಿತೋ ಯಾರಿಗೂ ತಿಳಿಯದು. ಇಳಿದು ಬಂದವರು ಮಗನಿಗೆ ಫೋನು ಮಾಡಿ, “ದೊಡ್ಡಪ್ಪ ಹೇಳಿದ್ದನ್ನೇ ತಗೋ. ಬಂಡೆ ಮೇಲೆ ಅದೇ ಸರಿ” ಎಂದರು.

ಹುಡುಗ ಮರುತಿಂಗಳ ಸಂಬಳದಲ್ಲಿ ನಿಂತ ಉರುಳೆಯ ರೀಲನ್ನು ಕೊಂಡ. ಎದುರುಗಾಳಿಯಲ್ಲೂ ಗುಂಡು ಅಲೆಗಳಾಚೆ ಬೀಳತೊಡಗಿತು. ಹಾಗೆಂದು ಹಳೆಯ ರೀಲು ಮೂಲೆ ಸೇರಲಿಲ್ಲ. ಮಲ್ಪೆಯಿಂದ ಪರಿಚಿತರ ದೋಣಿಯಲ್ಲಿ ಹೋದ ದಿನ ಆತ ಅದನ್ನೇ ಒಯ್ದ. ದೋಣಿಯಲ್ಲಿ ದೂರ ಎಸೆಯುವ ಮಾತಿಲ್ಲ. ಗುಂಡು ನೇರ ಆಳಕ್ಕಿಳಿಯಬೇಕು, ಬಂಡೆಯ ಸಂದಿನಲ್ಲಿ ಅಡಗುವ ಮುರು ಮೀನನ್ನು ಅದು ಮತ್ತೆ ಒಳನುಗ್ಗುವ ಮೊದಲೇ ಬಲದಿಂದ ಮೇಲೆತ್ತಬೇಕು. ನಿಂತ ಉರುಳೆಯ ರೀಲಿನಲ್ಲಿ ದಾರ ಕಮಾನಿನ ಬಳಿ ಅಡ್ಡಕ್ಕೆ ತಿರುಗಿ ಉರುಳೆ ಸೇರುವುದರಿಂದ ಭಾರ ಬಿದ್ದಾಗ ಬಲ ಅಲ್ಲಿ ಸೋರುತ್ತದೆ. ತಿರುಗುವ ಉರುಳೆಗೆ ದಾರ ನೇರವಾಗಿ ಬಂದು ಸುತ್ತಿಕೊಳ್ಳುತ್ತದೆ. ಹಿಡಿಯ ಬಲವೆಲ್ಲ ಮೀನಿಗೇ ತಲುಪುತ್ತದೆ. ಆ ದಿನದ ಫೋನು ತಮ್ಮನವರಿಗೆ ಬಂದಿತು. ಅವರು ಅದನ್ನು ಮೊದಲು ಹೇಳಿದ್ದು ಅಣ್ಣನಿಗೆ.

ಎರಡರಲ್ಲಿ ಯಾವುದು ಹೆಚ್ಚು ಎಂಬ ಪ್ರಶ್ನೆಗೆ ಆ ಮನೆಯ ಅನುಭವ ಕೊಡುವ ಉತ್ತರ ಸರಳವಾದದ್ದು. ಹೊಸಗೈಯವನು ದಡದಿಂದ, ಬಂಡೆಯಿಂದ, ಎದುರುಗಾಳಿಯಲ್ಲಿ, ಹಗುರವಾದ ಎರೆ ಎಸೆಯುವುದಾದರೆ ನಿಂತ ಉರುಳೆ. ಅದು ಕೈಯ ತಪ್ಪನ್ನು ಮನ್ನಿಸುತ್ತದೆ. ದೋಣಿಯಿಂದ ಭಾರ ಎತ್ತುವುದಾದರೆ, ಅಥವಾ ಬೆರಳನ್ನು ಪಳಗಿಸುವ ತಾಳ್ಮೆ ಉಂಟಾದರೆ, ತಿರುಗುವ ಉರುಳೆ. ಒಂದೇ ಕೊಳ್ಳುವ ಶಕ್ತಿ ಇದ್ದವನು ಅಂಗಡಿಯ ಗಾಜಿನ ಬೀರುವನ್ನು ನೋಡಬಾರದು, ತಾನು ನಿಲ್ಲುವ ಜಾಗವನ್ನು ನೋಡಬೇಕು.

ಯುಗಾದಿಗೆ ಹುಡುಗ ಊರಿಗೆ ಬಂದಾಗ ಎರಡು ರೀಲೂ ಚೀಲದಲ್ಲಿದ್ದವು. ಬಂಡೆಯ ರೀಲಿನ ಹಿಡಿ ಕರಕರ ಎನ್ನುತ್ತಿತ್ತು. ಪ್ರತಿ ಸಲವೂ ಸಿಹಿನೀರಿನಿಂದ ಮೆಲ್ಲನೆ ತೊಳೆದು ಒಣಗಿಸದಿದ್ದರೆ ಕಡಲ ಉಪ್ಪು ಯಾವ ಕುಲವನ್ನೂ ಬಿಡುವುದಿಲ್ಲ. ತಮ್ಮನವರು ಜಗುಲಿಯ ಮೇಲೆ ಬಿಳಿಯ ಬಟ್ಟೆ ಹಾಸಿ, ಹಳೆಯ ಚಿಮಟ, ಭೂತಗನ್ನಡಿ ತೆಗೆದು ಅದನ್ನು ಬಿಚ್ಚಿದರು. ಬಿಚ್ಚಿದವರು ಹಾಗೆಯೇ ನಿಂತರು. ಹೊರಗೆ ಬಾಬಿನ್ನಾದ ಆ ರೀಲಿನ ಹೊಟ್ಟೆಯೊಳಗೆ ಹಲ್ಲಿನ ಚಕ್ರಗಳಿದ್ದವು. ಹಿಡಿಯ ದೊಡ್ಡ ಚಕ್ರ ಚಿಕ್ಕದನ್ನು ಓಡಿಸಿ, ಅದು ಕಮಾನನ್ನು ತಿರುಗಿಸುತ್ತಿತ್ತು. “ಅಣ್ಣ, ಇಲ್ಲಿ ಬಾ, ನೋಡು” ಎಂದು ಕೂಗಿದರು, ಕಿವಿ ಮಂದವಾದವರಿಗೆ ಕೇಳುವಷ್ಟು ಗಟ್ಟಿಯಾಗಿ.

ಚಕ್ರಗಳಿಗೆ ಎಣ್ಣೆ ಬಿದ್ದ ಮೇಲೆ ಹೊಸ ದಾರ ತುಂಬುವ ಕೆಲಸ ಅಣ್ಣನವರದಾಯಿತು. ದಾರ ಯಾವ ದಿಕ್ಕಿನಲ್ಲಿ ಸುತ್ತಿಕೊಳ್ಳುತ್ತದೋ ಅದೇ ದಿಕ್ಕಿನಲ್ಲಿ ಅಂಗಡಿಯ ಉಂಡೆಯಿಂದಲೂ ಬಿಚ್ಚಬೇಕು, ಇಲ್ಲದಿದ್ದರೆ ಹುರಿ ಏರಿ ಮೊದಲ ಎಸೆತಕ್ಕೇ ಗಂಟಾಗುತ್ತದೆ. ಮೀನು ದಾರ ಎಳೆದು ಓಡುವಾಗ ಹಿಡಿ ತಿರುಗಿಸಿದರೂ ಅದೇ ಪಾಡು. ಉರುಳೆಯ ಅಂಚಿಗೆ ಎರಡು ಮೂರು ಮಿಲಿಮೀಟರು ಉಳಿಯುವಂತೆ ತುಂಬಬೇಕು. ಕಡಿಮೆಯಾದರೆ ದೂರ ಹೋಗದು, ಹೆಚ್ಚಾದರೆ ತಾನೇ ಉದುರುತ್ತದೆ. ಇದನ್ನೆಲ್ಲ ಅವರು ಯಾವ ಪುಸ್ತಕದಲ್ಲೂ ಓದಿದವರಲ್ಲ. ಹೆಬ್ಬೆರಳು ತೋರುಬೆರಳುಗಳ ನಡುವೆ ದಾರವನ್ನು ಹದವಾಗಿ ಹಿಡಿದು, ಕಣ್ಣು ಅರ್ಧ ಮುಚ್ಚಿ ಕುಳಿತರು. ತಮ್ಮನವರು ಹಿಡಿ ತಿರುಗಿಸುತ್ತಿದ್ದರು.

“ನಿಧಾನ” ಎಂದರು ಅಣ್ಣನವರು. “ಬಾಬಿನ್ ಸುತ್ತೋದು ಯಾರಿಗೆ ಬರಲ್ಲ ಅಂತೀಯಲ್ಲ, ಈಗ ಸುತ್ತು.”

ತಮ್ಮನವರು ತಲೆ ಎತ್ತದೆ, “ನನಗೆ ಬರಲ್ಲ ಅಣ್ಣ. ನೀನೇ ಹೇಳಿಕೊಡು” ಎಂದರು.

ಹಿತ್ತಲಾಚೆ ರೈಲೊಂದು ಗಡಗಡನೆ ಹಾದುಹೋಯಿತು. ಅದು ದೂರವಾಗುವವರೆಗೆ ಇಬ್ಬರೂ ಕೈ ನಿಲ್ಲಿಸಲಿಲ್ಲ.